ಫಳ್ನೀರಿನಲ್ಲಿ ಎಂಟು ದಿನ: ದೊಡ್ಡಮ್ಮನ ಹೊಸ ಕಾರ್ಡು

ಮಂಗಳೂರಿಗೆ ಮೊದಲ ಸಲ ಬಂದವರಿಗೆ ಅಲ್ಲಿನ ಸಿಟಿ ಬಸ್ಸಿನ ಕಂಡಕ್ಟರರ ಕೂಗು ಕೇಳಿ ಸೋಜಿಗವಾಗದೆ ಇರದು. “ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್!” ಎಂದು ಅವರು ಕರೆಯುವುದು ದುಡ್ಡು ಇಡುವುದಕ್ಕಲ್ಲ, ಬಸ್ಸು ಹತ್ತುವುದಕ್ಕೆ! ಊರಿನ ಸಿಟಿ ಬಸ್ಸುಗಳು ಹೋಗಿ ಸೇರುವ ನಿಲ್ದಾಣಕ್ಕೆ ಜನ ಇಟ್ಟುಕೊಂಡ ಹೆಸರೇ ಅದು. ತರಕಾರಿ ಚೀಲ ಹಿಡಿದವರೂ, ಮಲ್ಲಿಗೆ ಕಟ್ಟಿ ತಂದವರೂ “ಒಂದು ಸ್ಟೇಟ್ ಬ್ಯಾಂಕ್ ಕೊಡಿ” ಎಂದು ಟಿಕೇಟು ಕೇಳುತ್ತಾರೆ. ಬಸ್ ನಿಲ್ದಾಣಕ್ಕೇ ಬ್ಯಾಂಕಿನ ಹೆಸರಾದ ಊರು ಬೇರೆ ಎಲ್ಲಾದರೂ ಇದ್ದೀತೇ?

ಹಾಗೆ ನೋಡಿದರೆ ಆ ಹೆಸರು ಆ ಊರಿಗೆ ಒಪ್ಪುವಂಥದೇ. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಬ್ಯಾಂಕುಗಳ ತವರು ಮನೆ. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆ ತೆರೆದವರೂ ಅವರೇ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರಿಂದ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಐದು ಬ್ಯಾಂಕುಗಳು!

ಇವುಗಳಲ್ಲಿ ಗೃಹಿಣಿಯರಾದ ನಮಗೆ ಹತ್ತಿರದ ಸಂಗತಿ ಎಂದರೆ ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಈ ಯೋಜನೆ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಮುಡಿಯ ಸಂದಿಯಲ್ಲಿ ಅಡಗಿ ಕೂತಿದ್ದ ಎಷ್ಟೋ ಚಿಲ್ಲರೆ ಹಾಗೆ ಬ್ಯಾಂಕಿಗೆ ಹೋಗಿ ಬಳೆಯಾಗಿ, ಮಗಳ ಫೀಸಾಗಿ ತಿರುಗಿ ಬಂದಿತು. ಅಂದು ಬ್ಯಾಂಕೇ ಅಂಗಳಕ್ಕೆ ಬರುತ್ತಿತ್ತು. ಇಂದು ನಾವೇ ಯಂತ್ರದ ಎದುರು ಹೋಗಿ ನಿಲ್ಲಬೇಕು. ಈ ಲೇಖನ ಆ ನಿಲ್ಲುವ ವಿಷಯಕ್ಕೇ ಸಂಬಂಧಿಸಿದ್ದು.

ಏರು ಇಳಿಜಾರಿನ ಫಳ್ನೀರ್

ಹಂಪನಕಟ್ಟೆಯ ಗಡಿಬಿಡಿಯಿಂದ ತಪ್ಪಿಸಿಕೊಂಡು, ಮಿಲಾಗ್ರಿಸ್ ಚರ್ಚಿನ ಬದಿಯಿಂದ ಕಂಕನಾಡಿಯ ಕಡೆಗೆ ಹೊರಟರೆ ಸಿಕ್ಕುವುದು ಫಳ್ನೀರ್. ಮಿಲಾಗ್ರಿಸ್‌ನ ಮೊದಲ ಚರ್ಚು 1680ರದ್ದು. ಇನ್ನೊಂದು ತುದಿಯ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ. ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಸಣ್ಣದೊಂದು ಹೋಮಿಯೋಪಥಿ ಔಷಧಾಲಯವಾಗಿ ಆರಂಭಿಸಿದ್ದು ಇಂದು ದೊಡ್ಡ ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಈ ಎರಡರ ನಡುವೆ ಫಳ್ನೀರಿನ ರಸ್ತೆ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಮಂಗಳೂರಿನಲ್ಲಿ ಸಮತಟ್ಟಾದ ಬೀದಿ ಹುಡುಕುವುದೂ ಒಂದೇ, ಮಳೆಗಾಲದಲ್ಲಿ ಒಣಗಿದ ಬಟ್ಟೆ ಹುಡುಕುವುದೂ ಒಂದೇ.

ಮುಖ್ಯ ರಸ್ತೆಯಲ್ಲಿ ಆಸ್ಪತ್ರೆಗಳು, ಮೆಡಿಕಲ್ ಶಾಪುಗಳು, ಎತ್ತರದ ಫ್ಲಾಟುಗಳು. ಒಳ ಓಣಿಗೆ ತಿರುಗಿದಿರೋ, ಬೇರೆಯೇ ಲೋಕ. ಮುರಕಲ್ಲಿನ ಕಂಪೌಂಡು, ಕೆಂಪು ಹಂಚಿನ ಮಾಡು, ಅಂಗಳದಲ್ಲಿ ಒಂದು ತೆಂಗು, ಒಂದು ಹಲಸು. ಒಂದು ಮನೆಯಲ್ಲಿ ಕೊಂಕಣಿ, ಪಕ್ಕದಲ್ಲಿ ತುಳು, ಅದರಾಚೆ ಬ್ಯಾರಿ. ಎಲ್ಲರೂ ಗೇಟಿನ ಹತ್ತಿರ ಸೇರಿದರೆ ಕನ್ನಡ. ನಮ್ಮ ಸಣ್ಣ ಊರುಗಳಿಂದ ಮಂಗಳೂರಿಗೆ ಮದ್ದಿಗೆಂದು ಬರುವವರಿಗೆ ಈ ಪರಿಸರ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಸ್ಸಿಳಿದು ಕೈಯಲ್ಲಿ ಎಕ್ಸ್‌ರೇ ಕವರು, ಫ್ಲಾಸ್ಕು ಹಿಡಿದು ನಡೆಯುವ ಹೆಂಗಸರನ್ನು ಅಲ್ಲಿ ದಿನವೂ ಕಾಣಬಹುದು.

ಅಂಥ ಒಂದು ಓಣಿಯಲ್ಲಿ ನನ್ನ ದೊಡ್ಡಮ್ಮನ ಮನೆ. 2019ರ ಜನವರಿಯಲ್ಲಿ ಅವರ ಕಣ್ಣಿನ ಪೊರೆ ತೆಗೆಸುವುದೆಂದು ನಿಶ್ಚಯವಾಗಿ, ಜೊತೆಗೆ ಇರಲಿಕ್ಕೆಂದು ನಾನು ಪುತ್ತೂರಿನಿಂದ ಎಂಟು ದಿನದ ಮಟ್ಟಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಆಗ ಎಪ್ಪತ್ತೆರಡು. ದೊಡ್ಡಪ್ಪ ತೀರಿಕೊಂಡು ಎರಡು ವರ್ಷ. ಅವರ ಕೆಲಸದ ಕುಟುಂಬ ಪಿಂಚಣಿ ಪ್ರತಿ ತಿಂಗಳೂ ದೊಡ್ಡಮ್ಮನ ಖಾತೆಗೆ ಬರುತ್ತಿತ್ತು. ಮಗ ಮಸ್ಕತ್ತಿನಲ್ಲಿ.

ಹೋದ ದಿನ ರಾತ್ರಿ ಗಂಜಿ ಊಟ ಮುಗಿಸಿ, ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಾ ದೊಡ್ಡಮ್ಮ ಮೆಲ್ಲನೆ ವಿಷಯ ತೆಗೆದರು.

“ಆಸ್ಪತ್ರೆಯಲ್ಲಿ ಮೊದ್ಲೇ ಕಟ್ಲಿಕ್ಕೆ ಉಂಟಂತೆ. ನನ್ನ ಕಾರ್ಡು ಸತ್ತುಹೋಗಿದೆ ಮಗಾ. ಮೊನ್ನೆ ಆಟೋದವ ಹೋಗಿ ಹಾಕಿದ್ರೆ ಮಿಷನು ತಗೊಳ್ಳೇ ಇಲ್ವಂತೆ.”

ಕಾರ್ಡು ಯಾಕೆ ಸತ್ತಿತು?

ಸತ್ತದ್ದು ದೊಡ್ಡಮ್ಮನ ಕಾರ್ಡು ಒಂದೇ ಅಲ್ಲ. ಆ ದಿನಗಳಲ್ಲಿ ದೇಶದ ತುಂಬ ಎಷ್ಟೋ ಮನೆಗಳಲ್ಲಿ ಇದೇ ಮಾತು. ಹಿಂಬದಿಯಲ್ಲಿ ಕಪ್ಪು ಪಟ್ಟಿ ಮಾತ್ರ ಇದ್ದ ಹಳೆಯ ಕಾರ್ಡುಗಳನ್ನೆಲ್ಲ 2018ರ ಡಿಸೆಂಬರ್ 31ರ ಒಳಗೆ ಬದಲಾಯಿಸಿ, ಚಿಪ್ ಇರುವ ಕಾರ್ಡು ಕೊಡಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ಗಡುವು ಹಾಕಿತ್ತು. ಹೊಸ ಕಾರ್ಡು ಅಂಚೆಯಲ್ಲಿ ಬಂದದ್ದೂ ನಿಜ. ದೊಡ್ಡಮ್ಮನ ಕಪಾಟಿನಲ್ಲಿ, ಮದುವೆ ಕಾಗದಗಳ ಕಟ್ಟಿನ ನಡುವೆ, ಒಡೆಯದ ಒಂದು ದಪ್ಪ ಲಕೋಟೆ ಸಿಕ್ಕಿತು. “ಬ್ಯಾಂಕಿನವರ ಜಾಹೀರಾತು ಅಂತ ಇಟ್ಟಿದ್ದೆ” ಎಂದರು. ಅದರೊಳಗಿತ್ತು ಮಿರಿಮಿರಿ ಮಿಂಚುವ ಹೊಸ ಕಾರ್ಡು. ಎಡಬದಿಯಲ್ಲಿ ಚಿನ್ನದ ಬಣ್ಣದ ಪುಟ್ಟ ಬಿಲ್ಲೆ, ಬರ್ಫಿಗೆ ಗೆರೆ ಹಾಕಿದಂತೆ ಅದರ ಮೇಲೆ ಗೆರೆಗಳು.

ಆ ಬಿಲ್ಲೆಯೇ ಚಿಪ್ಪು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಯಂತ್ರ ಮುಟ್ಟುವ ಜಾಗ ಮಾತ್ರ. ಚಿಪ್ಪು ಅದರ ಅಡಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣದಾಗಿ ಅಡಗಿರುತ್ತದೆ. ಹಳೆಯ ಕಪ್ಪು ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಕಪ್ಪು ಪಟ್ಟಿ ಎಂದರೆ ಹಾಡಿನ ಕ್ಯಾಸೆಟ್ಟಿನ ಟೇಪಿನ ಹಾಗೆ. ಅದರಲ್ಲಿ ಬರೆದದ್ದು ಬದಲಾಗುವುದಿಲ್ಲ. ಕಳ್ಳರು ಯಂತ್ರದ ಬಾಯಿಗೆ ಇನ್ನೊಂದು ಸಣ್ಣ ಯಂತ್ರ ಅಂಟಿಸಿ, ಆ ಪಟ್ಟಿಯಲ್ಲಿದ್ದುದನ್ನು ನಕಲು ಮಾಡಿಕೊಂಡು, ಖಾಲಿ ಕಾರ್ಡಿನ ಮೇಲೆ ಇಳಿಸಿಬಿಡುತ್ತಿದ್ದರು. ಮೇಲೆ ಗುಟ್ಟಾಗಿ ಇಟ್ಟ ಕ್ಯಾಮರಾ ನಮ್ಮ ಪಿನ್ ನೋಡಿಕೊಳ್ಳುತ್ತಿತ್ತು. ಕಾರ್ಡು ನಮ್ಮ ಪರ್ಸಿನಲ್ಲೇ ಇರುತ್ತದೆ, ದುಡ್ಡು ಮಾತ್ರ ಯಾವುದೋ ಊರಿನಲ್ಲಿ ಹೋಗಿರುತ್ತದೆ!

ಚಿಪ್ಪು ಹಾಗಲ್ಲ. ಅದು ಸಣ್ಣದೊಂದು ಲೆಕ್ಕ ಮಾಡುವ ಯಂತ್ರ. ಪ್ರತಿ ಸಲ ಕಾರ್ಡು ಹಾಕಿದಾಗಲೂ ಬ್ಯಾಂಕಿಗೆ ಅದು ಹೊಸದೊಂದು ಗುಟ್ಟಿನ ಉತ್ತರ ಕೊಡುತ್ತದೆ. ನಿನ್ನೆಯ ಉತ್ತರ ಇವತ್ತಿಗೆ ನಡೆಯದು. ದಿನಾ ಬೆಳಿಗ್ಗೆ ಅಳಿಸಿ ಹೊಸದಾಗಿ ಹಾಕುವ ರಂಗೋಲಿಯಂತೆ ಎಂದಿಟ್ಟುಕೊಳ್ಳಿ. ನಿನ್ನೆಯ ರಂಗೋಲಿಯನ್ನು ಯಾರಾದರೂ ಕದ್ದು ಏನು ಮಾಡಿಯಾರು? ರೋಲಾಂ ಮೊರೆನೊ ಎಂಬ ಫ್ರಾನ್ಸಿನವರು 1974ರಲ್ಲೇ ಇಂಥ ಕಾರ್ಡಿಗೆ ಪೇಟೆಂಟ್ ಪಡೆದಿದ್ದರು. ಅದು ನಮ್ಮ ಫಳ್ನೀರಿನ ಕಪಾಟಿಗೆ ಬಂದು ಸೇರಲು ನಲವತ್ತನಾಲ್ಕು ವರ್ಷ ಹಿಡಿಯಿತು.

ಫೋನಿನ ನಂಬರಿನ ತೊಡಕು

ಮರುದಿನ ಬೆಳಿಗ್ಗೆ ಬನ್ಸ್, ಚಾ ಮುಗಿಸಿ ಇಬ್ಬರೂ ಬ್ಯಾಂಕಿಗೆ ಹೊರಟೆವು. ಮಗನಿಗೆ ಹಿಂದಿನ ರಾತ್ರಿಯೇ ಫೋನಿನಲ್ಲಿ ವಿಷಯ ಗೊತ್ತಾಗಿತ್ತು. “ಅಮ್ಮಾ, ನೀನ್ಯಾಕೆ ತಲೆಬಿಸಿ ಮಾಡ್ತಿ? ಆಸ್ಪತ್ರೆ ದುಡ್ಡು ನಾನೇ ಇಲ್ಲಿಂದ ಕಳಿಸ್ತೇನೆ. ಕಾರ್ಡು ಗೀರ್ಡು ಎಲ್ಲ ನಿನ್ಗೆ ಬೇಡ” ಎಂದಿದ್ದ. ಒಳ್ಳೆಯ ಮಗ. ಆದರೆ ದೊಡ್ಡಮ್ಮ ಫೋನು ಇಟ್ಟ ಮೇಲೆ ಸುಮ್ಮನೆ ಕೂತು, ಸ್ವಲ್ಪ ಹೊತ್ತಿನ ನಂತರ ಒಂದೇ ಮಾತು ಹೇಳಿದರು. “ಕಣ್ಣು ನನ್ನದು, ಪಿಂಚಣಿ ನನ್ನದು. ಕಟ್ಟುವವಳೂ ನಾನೇ ಆಗ್ಬೇಕು.”

ನಲವತ್ತೈದು ವರ್ಷ ಸಂಸಾರ ಮಾಡಿದ ದೊಡ್ಡಮ್ಮ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸಹಿ ಹಾಕಲಿಕ್ಕೆ ಮಾತ್ರ. ದೊಡ್ಡಪ್ಪ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ, ಓಣಿಯ ತಿರುವಿನಲ್ಲಿ ನಿಲ್ಲುವ ಪರಿಚಯದ ಆಟೋದವನಿಗೆ ತಿಂಗಳಿಗೊಮ್ಮೆ ಕಾರ್ಡೂ ಪಿನ್ನೂ ಕೊಟ್ಟು ದುಡ್ಡು ತರಿಸುವುದು. ಆತ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡಿದವನಲ್ಲ. ಚೀಟಿ ಸಮೇತ ತಂದು ಕೊಡುತ್ತಿದ್ದ. ನಮ್ಮ ಓದುಗರಲ್ಲೂ ಎಷ್ಟೋ ಮನೆಗಳಲ್ಲಿ ವ್ಯವಸ್ಥೆ ಹೀಗೆಯೇ ಇದ್ದೀತು. ಆಟೋದವನ ಬದಲು ಗಂಡ, ಮೈದುನ, ಅಥವಾ ಮಗಳ ಮಗ ಇರಬಹುದು, ಅಷ್ಟೆ.

ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ಕಾರ್ಡು ತಿರುಗಿಸಿ ನೋಡಿ, “ಕಾರ್ಡು ಸರಿ ಉಂಟು ಅಮ್ಮಾ. ಪಿನ್ ಮಾತ್ರ ನೀವೇ ಮಾಡಿಕೊಳ್ಬೇಕು. ನಿಮ್ಮ ಮೊಬೈಲಿಗೆ ಓ.ಟಿ.ಪಿ. ಬರ್ತದೆ” ಎಂದಳು. ಹಿಂದೆಲ್ಲ ಪಿನ್ ನಂಬರನ್ನು ಅಂಟಿಸಿದ ಕಾಗದದಲ್ಲಿ ಕೊಡುತ್ತಿದ್ದರು. ಈಗ ಕಾಗದವಿಲ್ಲದ ಪಿನ್. ಕಂಪ್ಯೂಟರಿನಲ್ಲಿ ನೋಡಿದರೆ ಖಾತೆಗೆ ಜೋಡಿಸಿದ್ದ ಫೋನ್ ನಂಬರು ದೊಡ್ಡಪ್ಪನದು! ಆ ಸಿಮ್ಮು ರೀಚಾರ್ಜ್ ಇಲ್ಲದೆ ಎಂದೋ ನಿಂತುಹೋಗಿತ್ತು. ತೀರಿಕೊಂಡವರ ಫೋನಿಗೆ ಬ್ಯಾಂಕು ಎರಡು ವರ್ಷದಿಂದ ಸಂದೇಶ ಕಳಿಸುತ್ತಾ ಇತ್ತು. ಅದನ್ನು ಕೇಳಿ ದೊಡ್ಡಮ್ಮನ ಕಣ್ಣು ತುಂಬಿತು. ಹುಡುಗಿ ಅರ್ಥ ಮಾಡಿಕೊಂಡು ಒಂದು ಲೋಟ ನೀರು ತರಿಸಿಕೊಟ್ಟಳು.

ನಂಬರು ಬದಲಿಸಲು ಒಂದು ಅರ್ಜಿ, ಪಾಸ್‌ಬುಕ್ಕು, ಆಧಾರ್ ಪ್ರತಿ, ಸಹಿ. ಎರಡು ದಿನದಲ್ಲಿ ದೊಡ್ಡಮ್ಮನ ಸ್ವಂತ ಫೋನಿಗೆ ಮೊದಲ ಸಂದೇಶ ಬಂತು. ಆ ಪುಟ್ಟ ಗುಂಡಿ ಫೋನನ್ನು ಕಿವಿಗೆ ಹಿಡಿದೇ ಗೊತ್ತಿದ್ದ ಅವರು, ನನ್ನ ಕೈಯಲ್ಲಿ ಸಂದೇಶವನ್ನು ಎರಡು ಸಲ ಓದಿಸಿದರು.

ಐದರ ಮೇಲಿನ ಚುಕ್ಕಿ

ಮೂರನೆಯ ದಿನ ಬ್ಯಾಂಕಿನ ಪಕ್ಕದ ಎ.ಟಿ.ಎಂ. ಕೋಣೆಗೆ ಹೋದೆವು. ಪರದೆಯಲ್ಲಿ ಕನ್ನಡ ಆರಿಸಿಕೊಳ್ಳಬಹುದು, ಅದನ್ನೇ ಆರಿಸಿದೆವು. ಆದರೆ ಪೊರೆ ಬಂದ ಕಣ್ಣಿಗೆ ಆ ಅಕ್ಷರಗಳೆಲ್ಲ ಮಂಜಿನಲ್ಲಿ ಕಂಡ ಹಾಗೆ. “ಎಂತದೂ ಕಾಣೂದಿಲ್ಲ ಮಾರಾಯ್ತಿ, ನೀನೇ ಒತ್ತು” ಎಂದರು ದೊಡ್ಡಮ್ಮ.

ಒತ್ತಬಹುದಿತ್ತು. ಆದರೆ ನಾನು ಎಂಟು ದಿನಕ್ಕೆ ಬಂದವಳು. ಒಂಬತ್ತನೆಯ ದಿನ ಯಾರು ಒತ್ತುವುದು?

ಅಂಕಿಗಳ ಗುಂಡಿಗಳನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ, ಸೋದರಿಯರೇ. ನಡುವಿನ ಐದರ ಮೇಲೆ ಒಂದು ಸಣ್ಣ ಚುಕ್ಕಿ ಉಬ್ಬಿಕೊಂಡಿರುತ್ತದೆ. ಕಣ್ಣು ಕಾಣದವರಿಗಾಗಿಯೇ ಮಾಡಿದ ಗುರುತು ಅದು. ಐದು ಸಿಕ್ಕಿದರೆ ಅದರ ಮೇಲೆ ಎರಡು, ಕೆಳಗೆ ಎಂಟು, ಎಡಕ್ಕೆ ನಾಲ್ಕು, ಬಲಕ್ಕೆ ಆರು. ಬದಿಯ ಹಸಿರು ಗುಂಡಿ ‘ಸರಿ’ ಎನ್ನಲು, ಹಳದಿ ತಪ್ಪಿದ್ದನ್ನು ಅಳಿಸಲು, ಕೆಂಪು ಪೂರ್ತಿ ಬಿಟ್ಟುಬಿಡಲು. ದೊಡ್ಡಮ್ಮನಿಗೆ ಇದನ್ನು ಹೇಳಿದ್ದೇ ತಡ, ಅವರ ಮುಖ ಅರಳಿತು. ಕತ್ತಲಲ್ಲೂ ಸಾಂಬಾರ ಬಟ್ಟಲಿನಿಂದ ಮೆಂತೆ ಯಾವುದು ಜೀರಿಗೆ ಯಾವುದು ಎಂದು ಬೆರಳಿನಲ್ಲೇ ತಿಳಿಯುವ ಕೈ ಅದು! ಎರಡು ಸಲ ಸವರಿ ನೋಡಿದರು. ನಾನು ಹೊರಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ನಿಂತೆ. ಪಿನ್ ಏನೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಹೇಳಿಕೊಟ್ಟಿದ್ದೆ. ಹಳೆಯ ಕಾರ್ಡನ್ನು ಎಷ್ಟೋ ಯಂತ್ರಗಳಲ್ಲಿ ಹಾಕಿದ ಕೂಡಲೇ ಎಳೆದುಕೊಳ್ಳಬೇಕಿತ್ತು. ಚಿಪ್ ಕಾರ್ಡು ಹಾಗಲ್ಲ. ಚಿಪ್ಪೂ ಬ್ಯಾಂಕೂ ಮಾತಾಡಿ ಮುಗಿಯುವ ತನಕ ಅದು ಒಳಗೇ ಇರಬೇಕು. ದೋಸೆ ಕಾವಲಿಯಿಂದ ಏಳುವ ಮೊದಲೇ ಸಟ್ಟುಗ ಹಾಕಿದರೆ ಹರಿಯುವುದಿಲ್ಲವೇ? ನಡುವೆ ಎಳೆದರೆ ವ್ಯವಹಾರ ನಿಂತುಹೋಗುತ್ತದೆ. ಮುಗಿದ ಮೇಲೆ ದುಡ್ಡಿನ ಸಂತೋಷದಲ್ಲಿ ಕಾರ್ಡನ್ನು ಅಲ್ಲೇ ಮರೆತು ಬರುವ ಅಪಾಯವೂ ಉಂಟು. ಅಂತೂ ಎರಡು ಸಾವಿರ ರೂಪಾಯಿ ತೆಗೆದು, ಕಾರ್ಡನ್ನು ಪರ್ಸಿಗೆ ಹಾಕಿ, ಸೆರಗು ಸರಿಮಾಡಿಕೊಂಡು ದೊಡ್ಡಮ್ಮ ಹೊರಗೆ ಬಂದ ಗತ್ತು ನೋಡಬೇಕಿತ್ತು!

ಎರಡು ಮನೆಗಳ ಅಡಿಗೆಕೋಣೆ

ಸಂಜೆ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಗೋಳಿಬಜೆಯ ತಟ್ಟೆ ಹಿಡಿದು ಬಂದರು. ವಿಷಯ ತಿಳಿದು, ತಾವು ಓದಿದ್ದ ಎರಡು ಕತೆ ಹೇಳಿದರು. ಎರಡೂ ನಮ್ಮಂಥ ಗೃಹಿಣಿಯರಿಗೆ ಸಂಬಂಧಿಸಿದ್ದು.

ಎ.ಟಿ.ಎಂ. ಯಂತ್ರ ಕಂಡುಹಿಡಿದವರಲ್ಲಿ ಹೆಸರಾದವರು ಜಾನ್ ಶೆಫರ್ಡ್ ಬ್ಯಾರನ್. ಹುಟ್ಟಿದ್ದು 1925ರಲ್ಲಿ, ನಮ್ಮ ಶಿಲ್ಲಾಂಗಿನಲ್ಲಿ. ಅವರ ಯಂತ್ರವನ್ನು 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಮೊದಲು ಇಟ್ಟರು. ಪಿನ್ ನಂಬರು ಆರು ಅಂಕಿಯದಿರಲಿ ಎಂದು ಅವರ ಯೋಚನೆ. ಅಡಿಗೆಮನೆಯ ಮೇಜಿನ ಮುಂದೆ ಹೆಂಡತಿ ಕ್ಯಾರೊಲಿನ್‌ಗೆ ಕೇಳಿದರೆ, ತನಗೆ ನೆನಪಿರುವುದು ನಾಲ್ಕೇ ಅಂಕಿ ಎಂದರಂತೆ. ಆದ್ದರಿಂದಲೇ ನಾಲ್ಕು ಅಂಕಿಯ ಪಿನ್ ಬಂದಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇನ್ನು ಕಪ್ಪು ಪಟ್ಟಿಯ ಕತೆ. 1960ರ ದಶಕದಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿಯ ಇಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ಕಿನ ಮೇಲೆ ಟೇಪು ಅಂಟಿಸಲು ಹೆಣಗಿ ಸೋತಿದ್ದರು. ಅಂಟು ಹಾಕಿದರೆ ಟೇಪು ಹಾಳಾಗುತ್ತಿತ್ತು. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವರ ಹೆಂಡತಿ, “ಇದರಿಂದ ಒತ್ತಿ ನೋಡೋಣ” ಎಂದರಂತೆ. ಇಸ್ತ್ರಿಯ ಶಾಖಕ್ಕೆ ಟೇಪು ಗಟ್ಟಿಯಾಗಿ ಕೂತಿತು!

“ನೋಡಿ, ನಂಬರೂ ಹೆಂಗಸರದ್ದು, ಇಸ್ತ್ರಿಯೂ ಹೆಂಗಸರದ್ದು. ಕಾರ್ಡು ಮಾತ್ರ ಗಂಡಸರ ಕಿಸೆಯಲ್ಲಿ” ಎಂದು ಟೀಚರಮ್ಮ ನಕ್ಕರು. ನಗುವ ಮಾತಾದರೂ ಯೋಚಿಸುವಂಥದೇ.

ಕಾರ್ಡು ಯಾರ ಕೈಯಲ್ಲಿರಬೇಕು?

ಯಾಕೆಂದರೆ, ಬೆಂಗಳೂರಿನಲ್ಲಿ ನಡೆದ ಒಂದು ಪ್ರಕರಣ ಹೀಗಿದೆ. 2013ರ ನವೆಂಬರಿನಲ್ಲಿ ಮಾರತಹಳ್ಳಿಯ ಬಾಣಂತಿಯೊಬ್ಬರು, ತಾವು ಹೊರಗೆ ಹೋಗಲಾರದ್ದರಿಂದ, ಗಂಡನಿಗೆ ಕಾರ್ಡೂ ಪಿನ್ನೂ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಲ್ಲಿ ಮಾತ್ರ ಕಡಿತವಾಗಿತ್ತು. ಬ್ಯಾಂಕಿಗೆ ದೂರು ಕೊಟ್ಟರೆ, ಪಿನ್ನನ್ನು ಬೇರೆಯವರಿಗೆ ಹೇಳಿದ್ದೇ ನಿಯಮಕ್ಕೆ ವಿರುದ್ಧ ಎಂದರು. ವರ್ಷಗಟ್ಟಲೆ ನಡೆದ ಮೇಲೆ, 2018ರಲ್ಲಿ ಗ್ರಾಹಕರ ವೇದಿಕೆಯೂ ಬ್ಯಾಂಕಿನ ಮಾತನ್ನೇ ಎತ್ತಿಹಿಡಿಯಿತು. ಗಂಡನೇ ಆದರೂ ಕಾರ್ಡು ಕೊಡುವಂತಿಲ್ಲ, ಸೆಲ್ಫ್ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಡಬೇಕಿತ್ತು ಎಂದಿತು.

ಮಗು ಹೆತ್ತ ಹೆಂಗಸಿಗೆ ಇದು ಕಠಿಣ ಮಾತು ಎಂದು ನಿಮಗನಿಸಬಹುದು, ನನಗೂ ಅನಿಸಿತು. ಗಂಡನನ್ನು ನಂಬಬೇಡಿ ಎಂದು ಅದರ ಅರ್ಥ ಖಂಡಿತ ಅಲ್ಲ. ಸಂಸಾರ ನಡೆಯುವುದೇ ನಂಬಿಕೆಯ ಮೇಲೆ. ಆದರೆ ಯಂತ್ರ ಕೈಕೊಟ್ಟ ದಿನ ನಮ್ಮ ಮನೆಯ ನಂಬಿಕೆ ಬ್ಯಾಂಕಿನ ಕಾಗದದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ಮಾತನ್ನು ಆಟೋದವನಿಗೆ ಹೇಗೆ ಹೇಳುವುದೆಂದು ದೊಡ್ಡಮ್ಮನಿಗೆ ಸಂಕೋಚ. ಇಷ್ಟು ದಿನ ಉಪಕಾರ ಮಾಡಿದವನು, ತನ್ನ ಮೇಲೆ ಸಂಶಯವೆಂದು ತಿಳಿದಾನು! ಆಸ್ಪತ್ರೆಗೆ ಹೋಗುವಾಗ ಅವನ ಆಟೋದಲ್ಲೇ ಕೂತು, ಹೇಗೋ ತೊದಲುತ್ತಾ ಹೇಳಿದರು. ಆತ ತಿರುಗಿಯೂ ನೋಡದೆ ಅಂದ: “ಒಳ್ಳೇದೇ ಆಯ್ತು ಅಮ್ಮಾ. ಪ್ರತಿ ತಿಂಗ್ಳು ನಿಮ್ಮ ಕಾರ್ಡು ಕಿಸೆಯಲ್ಲಿ ಇಟ್ಕೊಂಡು ಹೋಗುವಾಗ ನನ್ಗೆ ಹೆದ್ರಿಕೆ. ಏನಾದ್ರೂ ಹೆಚ್ಚು ಕಡ್ಮೆ ಆದ್ರೆ ಮೊದ್ಲು ಕೇಳೂದು ನನ್ನನ್ನೇ ಅಲ್ವಾ? ಇನ್ನು ಮಿಷನಿನ ಹತ್ರ ಬಿಡ್ತೇನೆ, ನೀವೇ ತೆಗೀರಿ.”

ಪಿನ್ ಹೇಳುವುದು ನಮಗೆ ಮಾತ್ರ ಅಪಾಯವಲ್ಲ, ಕೇಳಿಸಿಕೊಂಡ ಪ್ರಾಮಾಣಿಕನ ತಲೆಗೂ ಹೊರೆ ಎಂಬುದನ್ನು ಆ ಆಟೋದಲ್ಲಿ ಕೂತು ನಾವಿಬ್ಬರೂ ಕಲಿತೆವು.

ಆಸ್ಪತ್ರೆಯ ಕೌಂಟರಿನಲ್ಲಿ ಇಪ್ಪತ್ತೆರಡು ಸಾವಿರ ಕಟ್ಟಬೇಕಿತ್ತು. ಅಷ್ಟು ನೋಟು ಹಿಡಿದು ಓಡಾಡುವ ಅಗತ್ಯವೇ ಬೀಳಲಿಲ್ಲ. ಕೌಂಟರಿನವರು ಸಣ್ಣ ಯಂತ್ರವನ್ನು ಮುಂದಿಟ್ಟರು, ದೊಡ್ಡಮ್ಮ ಕಾರ್ಡನ್ನು ಬಿಲ್ಲೆಯ ಕಡೆಯಿಂದ ತಾವೇ ಒಳಗೆ ಹಾಕಿದರು. ಮೊತ್ತವನ್ನು ನಾನು ಓದಿ ಹೇಳಿದೆ. ಎಡಗೈಯಲ್ಲಿ ಸೆರಗು ಅಡ್ಡ ಹಿಡಿದು, ಬಲಗೈ ಬೆರಳು ಐದರ ಚುಕ್ಕಿಯನ್ನು ಹುಡುಕಿತು. ಚೀಟಿ ಹೊರಗೆ ಬಂತು. ಆ ಚೀಟಿಯನ್ನು ಅವರು ಮಡಚಿ, ದೇವರ ಪ್ರಸಾದದ ಹಾಗೆ ಜಾಗ್ರತೆಯಾಗಿ ಪರ್ಸಿನಲ್ಲಿಟ್ಟರು. ಮರುದಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದಾಗ ಕಿಟಿಕಿಯಾಚೆಯ ಕೆಂಪು ಹಂಚನ್ನು ನೋಡಿ “ಇಷ್ಟು ಕೆಂಪು ಉಂಟಾ ಇದು!” ಎಂದರು.

ಮನೆಯಲ್ಲಿ ನೆನಪಿಡಬೇಕಾದ ಮಾತುಗಳು

ಅಂದಿನಿಂದ ಇಂದಿಗೆ ಎಷ್ಟೋ ಬದಲಾಗಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ತವರಿನ ಐದು ಹೆಸರುಗಳಲ್ಲಿ ಇಂದು ಉಳಿದಿರುವುದು ಕೆನರಾ ಮತ್ತು ಕರ್ನಾಟಕ ಎರಡೇ. ಮೊಬೈಲಿನಲ್ಲಿ ಚೌಕದ ಚಿತ್ರ ತೋರಿಸಿ ದುಡ್ಡು ಕೊಡುವ ಯು.ಪಿ.ಐ. ಮೀನಿನ ಬುಟ್ಟಿಯ ತನಕ ಬಂದಿದೆ. ಆದರೂ ಎ.ಟಿ.ಎಂ.ಗೆ, ಆಸ್ಪತ್ರೆಗೆ ಕಾರ್ಡು ಬೇಕಾಗುತ್ತದೆ. ಆದ್ದರಿಂದ ಈ ಕೆಲವು ವಿಷಯ ಬರೆದಿಟ್ಟುಕೊಳ್ಳಿ:

1. ಖಾತೆಗೆ ಜೋಡಿಸಿದ ಫೋನ್ ನಂಬರು ನಿಮ್ಮದೇ ಹೌದೋ ಎಂದು ಇವತ್ತೇ ವಿಚಾರಿಸಿ. ಗಂಡನದ್ದೋ ಮಗನದ್ದೋ ಆಗಿದ್ದರೆ ಬ್ಯಾಂಕಿಗೆ ಹೋಗಿ ಬದಲಿಸಿಕೊಳ್ಳಿ. ದುಡ್ಡು ಹೋದರೆ ಮೊದಲು ತಿಳಿಯಬೇಕಾದವರು ನೀವು.

2. ಪಿನ್ನನ್ನು ಕಾರ್ಡಿನ ಕವರಿನ ಮೇಲೆ, ಕ್ಯಾಲೆಂಡರಿನಲ್ಲಿ ಬರೆಯಬೇಡಿ. ಹುಟ್ಟಿದ ವರ್ಷವೂ ಬೇಡ. ಬೆರಳಿಗೆ ನೆನಪಿರುವ ಹಾಗೆ ಅಭ್ಯಾಸ ಮಾಡಿ, ಒತ್ತುವಾಗ ಕೈಯೋ ಸೆರಗೋ ಅಡ್ಡ ಇರಲಿ.

3. ಕಾರ್ಡಿನ ಮೇಲೆ ಅಲೆಯಂಥ ನಾಲ್ಕು ಗೆರೆಗಳ ಗುರುತಿದ್ದರೆ, ಯಂತ್ರಕ್ಕೆ ತಾಗಿಸಿದರೇ ದುಡ್ಡು ಹೋಗಬಲ್ಲದು. 2021ರ ಜನವರಿ 1ರಿಂದ ಹೀಗೆ ಪಿನ್ ಇಲ್ಲದೆ 5,000 ರೂಪಾಯಿವರೆಗೆ ಕೊಡಲು ಅವಕಾಶವಾಯಿತು. ನಿಮಗೆ ಬೇಡವಾದರೆ ಆ ಸೌಲಭ್ಯವನ್ನು ಮುಚ್ಚಿಸಬಹುದು, ಅದರ ಮಿತಿಯನ್ನೂ ಇಳಿಸಬಹುದು.

4. ಎ.ಟಿ.ಎಂ.ನಿಂದ ದುಡ್ಡು ಬಾರದೆ ಖಾತೆಯಲ್ಲಿ ಕಡಿತವಾದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ಅದನ್ನು ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಬೇಕು. ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಿ.

5. ನಿಮಗೆ ಗೊತ್ತಿಲ್ಲದೆ ದುಡ್ಡು ಹೋದರೆ ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡು ನಿಲ್ಲಿಸಿ. ನಿಮ್ಮ ತಪ್ಪಿಲ್ಲದೆ ಹೊರಗಿನ ಕಳ್ಳರಿಂದ ಆದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅದು ನಿಮ್ಮ ಮೇಲೆ ಬೀಳಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲೇ ಹೇಳಿದೆ. ಸೈಬರ್ ವಂಚನೆಯ ದೂರಿಗೆ 1930 ನಂಬರಿಗೂ ಫೋನು ಮಾಡಬಹುದು.

6. “ಬ್ಯಾಂಕಿನಿಂದ ಮಾತಾಡುವುದು, ನಿಮ್ಮ ಚಿಪ್ ಕಾರ್ಡು ನಿಂತುಹೋಗ್ತದೆ, ಓ.ಟಿ.ಪಿ. ಹೇಳಿ” ಎಂದು ಯಾರಾದರೂ ಫೋನು ಮಾಡಿದರೆ ಉತ್ತರ ಕೊಡದೆ ಇಟ್ಟುಬಿಡಿ. ಯಾವ ಬ್ಯಾಂಕೂ ಹಾಗೆ ಕೇಳುವುದಿಲ್ಲ. ಚಿಪ್ಪು ಯಂತ್ರದ ಕಳ್ಳನನ್ನು ತಡೆದೀತು, ನಮ್ಮ ಬಾಯಿಯನ್ನು ತಡೆಯಲಾರದು.

7. ಎ.ಟಿ.ಎಂ.ಗೆ ಹಗಲಿನಲ್ಲೇ ಹೋಗಿ, ಬ್ಯಾಂಕಿಗೆ ತಾಗಿಕೊಂಡಿರುವುದಾದರೆ ಒಳ್ಳೆಯದು. ಜೊತೆಗೆ ಯಾರಾದರೂ ಇರಲಿ, ಆದರೆ ಬಾಗಿಲ ಹೊರಗೆ.

ನೀವು ಮದ್ದಿಗೋ ಮದುವೆಗೋ ಮಂಗಳೂರಿಗೆ ಬಂದರೆ, ಬಿಡುವು ಮಾಡಿಕೊಂಡು ಫಳ್ನೀರಿನ ಒಳ ಓಣಿಗಳಲ್ಲಿ ಒಮ್ಮೆ ನಡೆಯಿರಿ. ಸಂಜೆ ನಾಲ್ಕರ ಮೇಲೆ ಬಿಸಿಲು ಇಳಿದಿರುತ್ತದೆ, ಮುರಕಲ್ಲಿನ ಗೋಡೆಗಳು ಆಗ ನೋಡಲು ಬಲು ಚಂದ. ನಮ್ಮ ದೊಡ್ಡಮ್ಮ ಈಗಲೂ ತಿಂಗಳ ಮೊದಲ ವಾರ ಅದೇ ಆಟೋದಲ್ಲಿ ಹೋಗಿ ತಮ್ಮ ಪಿಂಚಣಿ ತಾವೇ ತೆಗೆಯುತ್ತಾರೆ. ಬರುವಾಗ ಆಟೋದವನ ಮಕ್ಕಳಿಗೆಂದು ಬೇಕರಿಯಲ್ಲಿ ಏನಾದರೂ ಕಟ್ಟಿಸುತ್ತಾರೆ. ಆ ದುಡ್ಡನ್ನು ಯಾರಿಗೂ ಕೇಳಬೇಕಾಗಿಲ್ಲ.